ಹುಳದ ಮನೆಯಲ್ಲಿ ಏಳು ಬಾಗಿಲು

ನಾನು ಹಿಪ್ಪುನೇರಳೆ ಕಡ್ಡಿಯಿಂದ ಸೊಪ್ಪು ಬಿಡಿಸುತ್ತಿದ್ದೆ. ಯಜಮಾನರು ಚನ್ನಪಟ್ಟಣದಿಂದ ಬಂದವರು ಬಾಗಿಲ ಹೊರಗಿನಿಂದಲೇ ಹೇಳಿದರು: "ಮೇಷ್ಟ್ರು ಕತೆ ಪುಸ್ತಕ ಕೊಟ್ಟವ್ರೆ. ಸಂತೆ ದಿನ ವಾಪಸ್ ಕೊಡ್ಬೇಕಂತೆ."

ಆ ಸಲ ಅತ್ತೆಗೆ ಮಂಡಿನೋವು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಬಾರಿ ರೇಷ್ಮೆ ಹುಳದ ಮನೆಯನ್ನು ನನ್ನ ಕೈಗೆ ಒಪ್ಪಿಸಿದ್ದರು. "ಈ ಬೆಳೆ ಕೆಡಿಸಿದ್ರೆ, ನಾ ಸಾಯೋಗಂಟ ಆ ಕಡೆ ತಲೆ ಹಾಕ್ಬ್ಯಾಡ" ಎಂದು ಅಪ್ಪಣೆಯೂ ಆಗಿತ್ತು. ಶಿವನ ದಯೆ, ಹುಳಗಳು ನಾಲ್ಕು ಸಲ ಪೊರೆ ಬಿಟ್ಟು ಕಿರುಬೆರಳಷ್ಟಾಗಿದ್ದವು. ಇನ್ನು ನಾಲ್ಕೈದು ದಿನ ಸೊಪ್ಪು ಹಾಕಿದರೆ ಹಣ್ಣಾಗುತ್ತವೆ. ಹಣ್ಣಾದ ಹುಳವನ್ನು ಆಯ್ದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಟ್ಟರೆ ಗೂಡು ಕಟ್ಟುತ್ತವೆ. ಇದರಲ್ಲಿ ತಪ್ಪುವುದಕ್ಕೆ ಏನಿದೆ ಎಂದುಕೊಂಡೆ.

ಹುಳದ ಮನೆಗೆ ಕಂಡವರು ಬರಬಾರದು, ಒಗ್ಗರಣೆ ವಾಸನೆ ತಗುಲಬಾರದು, ಮೈಲಿಗೆಯಾಗಬಾರದು. ಈ ಮಡಿ ನನ್ನ ಪಾಲಿಗೆ ವರವಾಯಿತು. ಒಳಗೆ ಕೂತು ಓದಿದರೆ ಯಾಕೆಂದು ಕೇಳುವವರಿಲ್ಲ. ಪುಸ್ತಕದ ರಟ್ಟು ಹರಿದಿತ್ತು, ಹೆಸರು ತಿಳಿಯಲಿಲ್ಲ. ಒಬ್ಬ ರಾಜಕುಮಾರ, ಒಬ್ಬ ಮಾಂತ್ರಿಕ, ಕಲ್ಲಾದ ತಂಗಿ, ಅವಳನ್ನು ಬಚ್ಚಿಟ್ಟ ಏಳು ಬಾಗಿಲ ಗುಹೆ. ಗಟ್ಟಿಯಾಗಿ ಓದದಿದ್ದರೆ ನನಗೆ ಅಕ್ಷರ ಕೂಡುವುದಿಲ್ಲ. ಗಟ್ಟಿಯಾಗಿಯೇ ಓದಿದೆ.

ನಾಲ್ಕನೇ ದಿನ ಮಧ್ಯಾಹ್ನ ರಾಜಕುಮಾರ ಗುಹೆ ಹೊಕ್ಕ. ಮೂರನೇ ಬಾಗಿಲಲ್ಲಿ ಬೆಂಕಿಯ ಹೊಳೆ. ಅಷ್ಟರಲ್ಲಿ ಹುಳಗಳು ಸೊಪ್ಪು ಮೇಯುವ ಸರಸರ ಸದ್ದು ನಿಂತಿತು. ಅವೂ ಕಥೆ ಕೇಳುತ್ತಿವೆ ಎಂದು ಸಂತೋಷಪಟ್ಟೆ! ಐದನೆಯದರಲ್ಲಿ ಸರ್ಪ. ಆರನೆಯದು ತೆರೆಯುವಾಗ ನನ್ನ ಕತ್ತಿನ ಮೇಲೆ ಏನೋ ತಣ್ಣಗೆ ಹರಿಯಿತು.

ಹುಳ.

ತಲೆಯೆತ್ತಿದರೆ, ಜೇನಿನ ಬಣ್ಣಕ್ಕೆ ತಿರುಗಿದ ಹಣ್ಣು ಹುಳಗಳು ಮೇಯುವ ಬಿದಿರು ತಟ್ಟೆಯ ಅಂಚು ದಾಟಿ ಕಂಬ, ಗೋಡೆ, ಪೊರಕೆ, ನನ್ನ ಸೆರಗು, ಎಲ್ಲೆಂದರಲ್ಲಿ ಏರುತ್ತಿದ್ದವು. ಚಂದ್ರಿಕೆಗಳೆಲ್ಲ ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದವು. ಅಂಗಳದಲ್ಲಿ ಅತ್ತೆ.

"ಏನವ್ವ, ಸುಮ್ಕಾಗ್ಬುಟ್ಟೆ?" ಅತ್ತೆಯ ದನಿ.

"ಹುಳ ಮೇದು ಮಲಗವೆ ಅತ್ತೆ" ಎಂದೆ. ಶಿವ ಕ್ಷಮಿಸಲಿ.

ಪುಸ್ತಕವನ್ನು ಬೋರಲು ಹಾಕಿ, ಕದಕ್ಕೆ ಅಗುಳಿ ಹಾಕಿದೆ. ಸೊಪ್ಪಿನ ಕಡ್ಡಿ, ಮೊರ, ಸಿಂಬೆ, ಸಿಕ್ಕಿದ್ದಕ್ಕೆಲ್ಲ ಚಂದ್ರಿಕೆಯ ಪದವಿ ಕೊಟ್ಟೆ. ಹತ್ತು ಆಯ್ದರೆ ನೂರು ಹತ್ತುತ್ತಿದ್ದವು. ಹಣ್ಣಾದ ಹುಳ ಮೇಯುವುದೂ ಇಲ್ಲ, ಕಾಯುವುದೂ ಇಲ್ಲ. ಹೊಟ್ಟೆಯ ನೂಲನ್ನು ಸಿಕ್ಕ ಕಡೆ ಕಕ್ಕಿ ಬರಿದಾಗುತ್ತದೆ. ಒಂಬತ್ತು ವರ್ಷಕ್ಕೆ ಸಿಕ್ಕ ಮಾನ ಕಣ್ಣೆದುರೇ ಗೋಡೆ ಹತ್ತುತ್ತಿತ್ತು. ಅಗುಳಿ ತೆಗೆದೆ.

"ಅತ್ತೆ, ಹಣ್ಣಾಗ್ಬುಟ್ಟವೆ. ಎಲ್ಲಾನೂವೆ."

ಅತ್ತೆ ಬೈಯಲಿಲ್ಲ. ಮಂಡಿ ಹಿಡಿದುಕೊಂಡೇ ಎದ್ದು ಬೀದಿಗೆ ಕೂಗು ಹಾಕಿದರು. ಹುಳ ಹಣ್ಣಾದಾಗ ಮಾತ್ರ ಮಡಿ ಸಡಿಲ. ಬೀದಿಯ ಹೆಂಗಸರೆಲ್ಲ ಕೈಕಾಲು ತೊಳೆದು ಆಯಲು ಬರುವುದು ನಮ್ಮ ಹೊಂಗನೂರಿನ ಪದ್ಧತಿ. ಪಕ್ಕದ ಮನೆ ಸಿದ್ದವ್ವ ನನ್ನ ಬೆನ್ನಿನಿಂದಲೇ ಹನ್ನೊಂದು ಹುಳ ಆಯ್ದಳು.

"ಇನ್ನೊಸಿ ಹೊತ್ತು ಬುಟ್ಟಿದ್ರೆ ನಿನ್ನ ಸುತ್ತಾನೇ ಗೂಡು ಕಟ್ಟವು ಕಣಕ್ಕ. ಬಿಸಿನೀರಿಗೆ ಹಾಕಿ ನಿನ್ನಿಂದ್ಲೇ ನೂಲು ತೆಗೀಬೋದಿತ್ತು" ಎಂದಳು.

ದೀಪ ಹಚ್ಚುವ ಹೊತ್ತಿಗೆ ಮುಕ್ಕಾಲು ಪಾಲು ಹುಳ ಚಂದ್ರಿಕೆ ಸೇರಿದವು. ಅಷ್ಟಾದರೂ ಉಳಿಯಿತಲ್ಲ ಎಂದು ಶಿವನಿಗೆ ಕೈಮುಗಿದೆ. ಆಮೇಲೆ ಪುಸ್ತಕ ನೆನಪಾಯಿತು. ಎತ್ತಿ ನೋಡಿದರೆ ಏಳನೇ ಬಾಗಿಲಿನ ಹಾಳೆಗಳ ನಡುವೆ ನಾಲ್ಕು ಹುಳ ನೂಲು ಬಿಡುತ್ತಿದ್ದವು. ಕೀಳಲು ಹೋದೆ.

"ಮುಟ್ಬ್ಯಾಡ. ಗೂಡು ಕಟ್ಟೋ ಹುಳಾನ ಅಲ್ಲಾಡಿಸ್ಬಾರ್ದು" ಎಂದರು ಅತ್ತೆ.

ಸಂತೆ ದಿನ ಯಜಮಾನರು ಚನ್ನಪಟ್ಟಣಕ್ಕೆ ಹೋಗಿ, ಪುಸ್ತಕ ಇನ್ನೂ ಹುಳಗಳ ಕೈಯಲ್ಲಿದೆ ಎಂದು ಮೇಷ್ಟ್ರಿಗೆ ಹೇಳಿ ಬಂದರು. ಗೂಡು ಗಟ್ಟಿಯಾದ ಮೇಲೆ ಬಿಡಿಸಿದೆ. ಏಳನೇ ಬಾಗಿಲಿನ ಅಕ್ಷರಗಳೆಲ್ಲ ಗೂಡಿಗೆ ಅಂಟಿಕೊಂಡು ಕಿತ್ತು ಬಂದವು.

ಇನ್ನು ಹುಳದ ಮನೆಯೂ ಕೈತಪ್ಪಿತೆಂದು ತಲೆ ತಗ್ಗಿಸಿ ನಿಂತೆ. ಅತ್ತೆ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಅದಿರ್ಲಿ, ಏಳ್ನೇ ಬಾಗ್ಲೊಳಗೆ ಏನಿತ್ತು?"

"ನಿಮಗೆ ಹೆಂಗೆ ಗೊತ್ತು ಅತ್ತೆ, ಬಾಗ್ಲು ವಿಚಾರ?"

"ಆ ನಾಕು ದಿನಾನೂ ಗೋಡೆಗೆ ಕಿವಿ ಕೊಟ್ಟು ಕತೇಲೇ ಮುಳುಗಿ ಕೂತಿದ್ದೆ. ಇಲ್ದಿದ್ರೆ ಮೇಯೋ ಸದ್ದು ನಿಂತಿದ್ದು ನಂಗೆ ತಿಳೀದೆ ಇರ್ತಿತ್ತಾ? ಹೇಳು, ಆ ಹೆಣ್ಣುಮಗ ಸಿಕ್ತಾ?"

"ಗೊತ್ತಿಲ್ಲ ಅತ್ತೆ. ಆ ಹಾಳೆ ಹೋಯ್ತು."

ಕಾಲು ಪಾಲು ಬೆಳೆ ಹೋದಾಗ ಬೈಯದಿದ್ದ ಅತ್ತೆ ಆಗ ಬೈದರು. "ಆರು ಬಾಗ್ಲು ಓದ್ದೋಳಿಗೆ ಇನ್ನೊಂದು ಓದಕ್ಕೆ ಏನ್ ರೋಗ ಬಂದಿತ್ತು? ಮುಂದಿನ ಬೆಳೇಲಿ ಮೊದ್ಲು ಕತೆ ಮುಗಿಸು, ಆಮೇಲೆ ಹುಳ ನೋಡ್ಕೊ."

ಮುಂದಿನ ಬೆಳೆಯೂ ನನ್ನದೇ ಎಂದಾಯಿತು. ಅದೊಂದು ಪುಣ್ಯ. ಬೈಗುಳ ಮುಗಿಯುವ ಲಕ್ಷಣ ಕಾಣಲಿಲ್ಲವಾಗಿ, ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಸಗಣಿ ಬಳಿಯಲು ಹಿತ್ತಲಿಗೆ ಹೋದೆ.