ಐದನೆಯ ಬಟ್ಟೆ

ಭಾನುವಾರ ಬೆಳಿಗ್ಗೆ ಕಟಿಂಗ್ ಮಾಮ ಒಳಬಾಗಿಲು ತೆಗೆದು ತನ್ನ ಅಂಗಡಿಯೊಳಗೆ ಇಣುಕಿದರೆ, ತಿರುಗುವ ಕುರ್ಚಿಯ ಮೇಲೆ ಹನ್ನೊಂದು ಪಾರ್ಸೆಲ್‌ಗಳು ಒಂದರ ಮೇಲೊಂದು ಕೂತಿದ್ದವು. ಮೇಲಿನದು ಸ್ವಲ್ಪ ವಾಲಿಕೊಂಡು ಕನ್ನಡಿ ನೋಡುತ್ತಿತ್ತು, ಥೇಟ್ ತೂಕಡಿಸುವ ಗಿರಾಕಿಯ ಹಾಗೆ. ಕನ್ನಡಿಗೆ ಒಂದು ಚೀಟಿ ಅಂಟಿಸಿದ್ದರು. ‘ಇಂದಿನ ಸಭೆಯಲ್ಲಿ ನಿರ್ಬಂಧ ಸಡಿಲವಾಗದಿದ್ದರೆ, ಈ ಅಂಗಡಿಯನ್ನು ಮುಂದಿನ ತೀರ್ಮಾನದವರೆಗೆ ಪಾರ್ಸೆಲ್ ಕೋಣೆಯಾಗಿ ಬಳಸಲಾಗುವುದು. ಇಂತಿ, ಅಧ್ಯಕ್ಷರು.’

ಐದು ಮಹಡಿಯ ಆ ಕಟ್ಟಡದ ಕೆಳಗೆ ಮುಂದುಗಡೆ ಮಾಮನ ಕ್ಷೌರದಂಗಡಿ, ಅದರ ಬೆನ್ನಿಗೆ ಮಾಮನ ಮನೆ. ‘ಕಟಿಂಗ್ ಮಾಮ’ ಎಂದು ಮೊದಲು ಕರೆದವರು ಮಕ್ಕಳು. ಈಗ ಎಪ್ಪತ್ತು ದಾಟಿದವರಿಗೂ ಆತ ಮಾಮನೇ. ಊರಿಗೆ ಸೋಂಕು ಬಂದು ಅಂಗಡಿ ಮುಚ್ಚಿ ಎಪ್ಪತ್ತಮೂರು ದಿನವಾಗಿತ್ತು. ‘ತುರ್ತಿಗೆ ಇರಲಿ’ ಎಂದು ಬೀಗದ ಕೈ ಇಸಿದುಕೊಂಡಿದ್ದ ಕಟ್ಟಡದ ಸಂಘದ ಅಧ್ಯಕ್ಷರಿಗೆ ಈಗ ತುರ್ತು ಬಂದಿತ್ತು.

ಮಾಮ ಮೇಲಿನ ಪಾರ್ಸೆಲ್ಲಿನ ಮೇಲಿದ್ದ ಚಿತ್ರ ನೋಡಿದ. ಮನೆಯಲ್ಲೇ ಕೂದಲು ಕತ್ತರಿಸುವ ಯಂತ್ರ. ಅದರ ಕೆಳಗಿನದನ್ನು ತಿರುಗಿಸಿದ. ಅದೂ ಅದೇ. ತನ್ನ ಕುರ್ಚಿಯ ಮೇಲೆ ತನ್ನ ಹಗೆಗಳೇ ಕೂತು ಆರಾಮ ಮಾಡುತ್ತಿದ್ದಾರೆ!

“ಇನ್ನೊಂದು ವಾರ ಬಿಟ್ರೆ ನನ್ನನ್ನ ಯಾರೂ ಕೇಳೋದಿಲ್ಲ,” ಎಂದು ಹೆಂಡತಿಗೆ ಹೇಳಿದ. “ಇವತ್ತು ಏನಾದ್ರೂ ಆಗ್ಲಿ, ಅಂಗಡಿ ತೆರೆಸಿಯೇ ಸೈ. ನೀನು ಡ್ರಾಯರಿನಲ್ಲಿರೋ ಗಿರಾಕಿ ಹೊದಿಕೆ ಒಗೆದು ಹಾಕು. ನಾಳೆ ಬೆಳಿಗ್ಗೆ ಬೇಕು.”

“ಮೊದಲು ಸಭೆ ಮುಗೀಲಿ ಬಿಡಿ.”

“ಸಭೆ ನನಗೆ ಬಿಡು. ಹೊದಿಕೆ ನಿನಗೆ ಬಿಟ್ಟಿದ್ದೀನಿ. ಎಪ್ಪತ್ತಮೂರು ದಿನದ ಮುಗ್ಗಲು ವಾಸನೆ ಇದೆ ಅದಕ್ಕೆ.”

“ನಾಲ್ಕು ಗಂಟೆಗೆ ನಲ್ಲಿ ಬರುತ್ತೆ. ಆಗ ಒಗೀತೀನಿ,” ಎಂದಳು ಆಕೆ.

ಆ ಕಟ್ಟಡದಲ್ಲಿ ಕಾಯಿಲೆಯವರನ್ನು ಎಣಿಸುವುದಕ್ಕೆ ಒಂದು ಪದ್ಧತಿಯಿತ್ತು. ಮೊದಮೊದಲು ಫೋನ್ ಮಾಡಿ ಕೇಳುತ್ತಿದ್ದರು. ಕೆಮ್ಮುತ್ತಲೇ ‘ನಾವೆಲ್ಲ ಚೆನ್ನಾಗಿದ್ದೀವಿ’ ಎನ್ನುವವರು ಹೆಚ್ಚಾದರು. ಆಗ ನಾಲ್ಕನೇ ಮಹಡಿಯ ನಿವೃತ್ತ ಸರ್ವೆಯರ್, “ಮನುಷ್ಯ ಸುಳ್ಳು ಹೇಳ್ತಾನೆ, ಬಟ್ಟೆ ಹೇಳೋದಿಲ್ಲ,” ಎಂದು ಈ ಉಪಾಯ ಹೂಡಿದರು. ಕಾಯಿಲೆ ಬಂದ ಮನೆಯವರು ಹೊರಗೆ ಕಾಣುವಂತೆ ಒಂದು ಕೆಂಪು ಬಟ್ಟೆ ಕಟ್ಟಬೇಕು. ಹದಿನಾಲ್ಕು ದಿನ ಬಾಗಿಲು ದಾಟಬಾರದು. ಉಳಿದ ಮನೆಯವರು ಸರದಿಯಂತೆ ಅವರ ಬಾಗಿಲಿಗೆ ಬಿಸಿ ಸೂಪು ಇಟ್ಟು ಬರಬೇಕು. ಹದಿನೈದು ದಿನಕ್ಕೊಮ್ಮೆ ಭಾನುವಾರ ಸಂಜೆ ಐದಕ್ಕೆ ಸರ್ವೆಯರ್ ದುರ್ಬೀನು ಹಿಡಿದು ಕೆಳಗಿನಿಂದ ಎಣಿಸುತ್ತಾರೆ. ಐದಕ್ಕಿಂತ ಕಡಿಮೆ ಇದ್ದರೆ ಸಡಿಲ, ಐದಾದರೆ ಬಿಗಿ. ಅಂಗಡಿಗಳೆಲ್ಲ ಮುಚ್ಚಿದ್ದ ಆ ಕಾಲದಲ್ಲಿ ಕೆಂಪು ಬಟ್ಟೆಗೆ ಪರದಾಡಿದಾಗ ಒದಗಿದವನು ಮಾಮನೇ. ಗಿರಾಕಿಗಳಿಗೆ ಹೊದಿಸಲೆಂದು ಇಟ್ಟಿದ್ದ ನಾಲ್ಕು ಬಟ್ಟೆಗಳಲ್ಲಿ ಮೂರನ್ನು ತನ್ನ ಕೈಯಾರೆ ಕತ್ತರಿಸಿ ಮನೆಮನೆಗೆ ಹಂಚಿದ್ದ.

ಮಾಮ ಅಂಗಳಕ್ಕೆ ಬಂದು ಕತ್ತೆತ್ತಿ ಎಣಿಸಿದ. ಮುಂದುಗಡೆ ಮೂರು, ಪಕ್ಕದಲ್ಲಿ ಮೂರು. ಒಟ್ಟು ಆರು. ಎರಡು ಇಳಿಯಬೇಕು.

ಮತ್ತೊಮ್ಮೆ ನೋಡಿದ. ಮೂರನೇ ಮಹಡಿಯಲ್ಲಿ ದೊಡ್ಡಮ್ಮನ ಮನೆಯ ಕೆಂಪಿಗೆ ಬಿಳಿ ಅಂಚು ಇದೆಯಲ್ಲ? ತಾನು ಹಂಚಿದ ಬಟ್ಟೆಗೆ ಅಂಚೇ ಇರಲಿಲ್ಲ!

ಒಂದು ಮಹಡಿಯವರು ಇನ್ನೊಂದು ಮಹಡಿಗೆ ಹೋಗುವಂತಿರಲಿಲ್ಲ. ಸೂಪು ಇಡಲು, ಪಾರ್ಸೆಲ್ ಕೊಡಲು ಮಾತ್ರ ಹೋಗಬಹುದಿತ್ತು. ಮಾಮ ಕುರ್ಚಿಯ ಮೇಲಿನ ರಾಶಿಯಿಂದ ದೊಡ್ಡಮ್ಮನ ಡಬ್ಬ ಹುಡುಕಿಕೊಂಡು, ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡು ಮೆಟ್ಟಿಲು ಹತ್ತಿದ.

ದೊಡ್ಡಮ್ಮ ಬಾಗಿಲು ಅಂಗೈಯಗಲ ತೆಗೆದರು. “ಯಾರು? ಮಾಮನಾ? ಬಾಪ್ಪಾ, ದೂರ ನಿಂತ್ಕೋ. ಸೂಪು ತಂದಿದ್ದೀಯಾ?”

“ಇಲ್ಲ ದೊಡ್ಡಮ್ಮ, ಪಾರ್ಸೆಲ್ಲು. ನಿಮಗೆ ಹುಷಾರಿಲ್ವಾ?”

“ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ.”

“ಮತ್ತೆ ಆ ಕೆಂಪು ಬಟ್ಟೆ?”

“ಅದು ನನ್ನ ಚಾದರ. ಹೋದ ಶನಿವಾರ ಒಣಗಹಾಕಿದೆ. ಮೊಣಕಾಲು ನೋವು, ತೆಗೆಯೋಕಾಗಿಲ್ಲ.” ದೊಡ್ಡಮ್ಮನ ಮುಖ ಅರಳಿತು. “ಒಂದು ಮಾತು ಹೇಳ್ಲಾ? ಇಪ್ಪತ್ತು ವರ್ಷದಿಂದ ಇಲ್ಲಿದ್ದೀನಿ, ಒಬ್ರೂ ನನ್ನನ್ನ ಕ್ಯಾರೇ ಅಂದಿರ್ಲಿಲ್ಲ. ಈಗ ಎಂಟು ದಿನದಿಂದ ದಿನಾ ಬಾಗಿಲಿಗೆ ಸೂಪು ಬರ್ತಿದೆ ನೋಡು! ಹಿರಿಯರು ಅನ್ನೋ ಮರ್ಯಾದೆ ಈ ಜನಕ್ಕೆ ಕೊನೆಗೂ ಬಂತು.”

ಮಾಮ ಡಬ್ಬ ಇಟ್ಟು ಹಾಗೇ ಇಳಿದುಬಿಡಲು ಒಂದು ಹೆಜ್ಜೆ ಹಿಂದಿಟ್ಟ. ಆದರೆ ಕುರ್ಚಿ ನೆನಪಾಯಿತು. ವಿಷಯ ತಿಳಿಸಿದ. 

“ಅಂದ್ರೆ ಅದು ಮರ್ಯಾದೆ ಅಲ್ಲ, ಚಾದರ?”

“ಅಂಗಡಿ ತೆರೆದರೆ ನಾನೇ ವಾರಕ್ಕೊಂದು ಸಲ ಸೂಪು ತಂದುಕೊಡ್ತೀನಿ ದೊಡ್ಡಮ್ಮ. ನಾನು ಹೇಳಿದ ಮೇಲೆ ಮುಗೀತು.”

“ಎರಡು ಸಲ,” ಎಂದರು ದೊಡ್ಡಮ್ಮ. ಚಾದರ ಇಳಿಯಿತು. ಐದಾಯಿತು.

ಇಳಿಯುವಾಗ ಎರಡನೇ ಮಹಡಿಯಲ್ಲಿ ಅಧ್ಯಕ್ಷರು ಎದುರಾದರು. ನಿವೃತ್ತ ಹೆಡ್‌ಮಾಸ್ತರರು. ಎರಡೂವರೆ ತಿಂಗಳ ಕೂದಲು ಕಿವಿ ಮುಚ್ಚಿ, ಕಾಲರ್ ದಾಟಿ, ಅವರು ತಿರುಗಿದರೆ ತಾನೂ ಒಂದು ಕ್ಷಣ ತಡೆದು ತಿರುಗುತ್ತಿತ್ತು.

“ಎಲ್ಲಿಂದ ಸವಾರಿ?” ಎಂದರು, ತಡವಾಗಿ ಬಂದ ವಿದ್ಯಾರ್ಥಿಯನ್ನು ಕೇಳುವಂತೆ.

“ಪಾರ್ಸೆಲ್ ಕೊಡೋಕೆ ಹೋಗಿದ್ದೆ ಸರ್.”

“ಭೇಷ್! ಹೇಳದೇನೇ ಮಾಡ್ತಿದ್ದೀರಲ್ಲ. ಪಾರ್ಸೆಲ್ ಕೋಣೆ ಆದ್ರೆ ಉಸ್ತುವಾರಿ ನಿಮಗೇ ಕೊಡ್ತೀನಿ, ಯೋಚನೆ ಮಾಡ್ಬೇಡಿ.”

ಮಾಮ ಹಲ್ಲು ಕಚ್ಚಿಕೊಂಡು ಇನ್ನೊಂದು ಡಬ್ಬ ತರಲು ಹೋದ. ಇನ್ನೊಂದು ಬಟ್ಟೆಯ ಮೇಲೂ ಅವನಿಗೆ ಗುಮಾನಿಯಿತ್ತು. ಎರಡನೇ ಮಹಡಿಯ ಬಸ್ ಡ್ರೈವರನ ಮನೆಯದು. ಅದು ಏರಿ ಇಪ್ಪತ್ತು ದಿನವಾಗಿತ್ತು.

ಡ್ರೈವರ್ ಮೆಟ್ಟಿಲ ಕಡೆಗೆ ಕಿಟಕಿಯಿದ್ದ ಕೋಣೆಯಲ್ಲಿ ಒಬ್ಬನೇ ಇದ್ದ. ಕಿಟಕಿಯ ಸಂದಿಯಿಂದ ನೋಡಿದರೆ ದಿಂಬಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿ, ಹಳೆಯ ವಾರಪತ್ರಿಕೆ ಓದುತ್ತಿದ್ದ. ಮುಖದಲ್ಲಿ ಮಾವನ ಮನೆಗೆ ಬಂದ ಅಳಿಯನ ಕಳೆ.

“ಏನಣ್ಣಾ, ನಿಮ್ಮ ಹದಿನಾಲ್ಕು ದಿನ ಮುಗಿದು ಆರು ದಿನ ಆಯ್ತಲ್ಲ?”

“ಶ್!” ಡ್ರೈವರ್ ಹಾರಿ ಕಿಟಕಿಗೆ ಬಂದ. “ಮೆಲ್ಲಗೆ ಮಾತಾಡು ಮಾರಾಯ. ಅವಳಿಗೆ ಕೇಳಿಸುತ್ತೆ.”

“ಮತ್ತೆ ಬಟ್ಟೆ ಯಾಕೆ ಇಳಿಸಿಲ್ಲ?”

“ಹದಿನೆಂಟು ವರ್ಷ ಬಸ್ಸಿನ ಹಾರನ್ನು, ಮನೆಗೆ ಬಂದ್ರೆ ಮೂರು ಮಕ್ಕಳ ಹಾರನ್ನು. ಜೀವನದಲ್ಲಿ ಮೊದಲನೇ ಸಲ ಒಂದು ಕೋಣೆ ನನಗೇ ಅಂತ ಸಿಕ್ಕಿದೆ. ಇನ್ನೊಂದು ವಾರ, ಅಷ್ಟೇ.”

“ಇವತ್ತು ಐದು ಗಂಟೆಯೊಳಗೆ ಇಳಿಸ್ಬೇಕು. ನನ್ನ ಅಂಗಡಿ ಪ್ರಶ್ನೆ.”

“ನನ್ನ ನಿದ್ದೆ ಪ್ರಶ್ನೆ!”

“ಹಾಗಾದ್ರೆ ಅಕ್ಕನಿಗೇ ಲೆಕ್ಕ ಹೇಳ್ಬೇಕಾಗುತ್ತೆ. ಹದಿನಾಲ್ಕಕ್ಕೆ ಆರು ಸೇರಿದ್ರೆ…”

“ಇಪ್ಪತ್ತು,” ಎಂದಿತು ಒಳಬಾಗಿಲ ಹಿಂದಿನಿಂದ ಒಂದು ಹೆಣ್ಣು ದನಿ. ಅದರ ಹಿಂದೆಯೇ ಬಾಗಿಲು ತೆರೆಯಿತು. “ಇಪ್ಪತ್ತು ದಿನದಿಂದ ತಟ್ಟೆ ಬಾಗಿಲಿಗೆ ತಂದಿಟ್ಟು, ಎರಡು ಹೆಜ್ಜೆ ಹಿಂದೆ ನಿಂತು, ‘ಹೇಗಿದ್ದೀರಿ’ ಅಂತ ಕೇಳ್ತಿದ್ದೀನಲ್ರೀ!”

ಮಾಮ ಡಬ್ಬವನ್ನು ಹೊಸ್ತಿಲ ಮೇಲಿಟ್ಟು ಜಾಗ ಖಾಲಿ ಮಾಡಿದ. ಅಂಗಳ ತಲುಪುವ ಹೊತ್ತಿಗೆ ಬಟ್ಟೆ ಇಳಿದಿತ್ತು. ಮೂರು ಹಾರನ್ನುಗಳ ಜೊತೆಗೆ ನಾಲ್ಕನೆಯದೂ ಕೇಳುತ್ತಿತ್ತು.

ನಾಲ್ಕು!

ಸಂಜೆ ನಾಲ್ಕೂವರೆಗೆ ಸಭೆ ಮುಂದಿನ ಅಂಗಳದಲ್ಲಿ ಸೇರಿತು. ಸೀಮೆಸುಣ್ಣದಲ್ಲಿ ಬರೆದ ವೃತ್ತಗಳಲ್ಲಿ ಮನೆಗೊಬ್ಬರಂತೆ ನಿಂತರು. ಎಲ್ಲರ ತಲೆಗಳೂ ಬಿರುಗಾಳಿಗೆ ಸಿಕ್ಕ ಹುಲ್ಲಿನ ಬಣವೆಗಳಂತಿದ್ದವು. ಮಾಮ ಅವುಗಳನ್ನು ನೋಡಿದ ರೀತಿ, ಹಸಿದವನು ಅಂಗಡಿಯ ಗಾಜಿನ ಕಪಾಟು ನೋಡುವ ರೀತಿ.

“ಸಂಖ್ಯೆ ಇಳೀತಿದೆ ಅಂತ ಕೇಳ್ತಿದ್ದೀನಿ,” ಎಂದು ಅಧ್ಯಕ್ಷರು ಶುರು ಮಾಡಿದರು. “ಇಳಿದ್ರೆ ತೆರೀಬೇಕು ಅಂತ ಏನಿಲ್ಲ. ಹಿಂದಿನ ಸಲ ನಾಲ್ಕಕ್ಕೆ ಇಳಿದಾಗ ತಾರಸಿ ತೆರೆದ್ವಿ. ಎರಡು ವಾರಕ್ಕೆ ಒಂಬತ್ತಾಯ್ತು.”

“ಮುಚ್ಚಿದ್ರಿಂದ ಇಳೀತು, ಇಳಿದಿದ್ರಿಂದ ತೆರೀತೀವಿ, ತೆರೆದಿದ್ರಿಂದ ಏರುತ್ತೆ, ಏರಿದ್ರಿಂದ ಮುಚ್ತೀವಿ,” ಎಂದರು ಮೂರನೇ ಮಹಡಿಯ ಕಿಟಕಿಯಿಂದಲೇ ದೊಡ್ಡಮ್ಮ. “ಇದೇನು ಕಟ್ಟಡವೋ, ಕೊಡೆಯೋ?”

“ಹಾಗಂತ ಜೀವನ ಪೂರ್ತಿ ಮುಚ್ಕೊಂಡು ಕೂರೋಕಾಗುತ್ತಾ?” ಎಂದ ಮಾಮ. “ಒಂದು ಸಲಕ್ಕೆ ಒಬ್ಬರೇ ಗಿರಾಕಿ. ಇಬ್ಬರಿಗೂ ಮಾಸ್ಕು. ಕಿಟಕಿ ಎರಡೂ ತೆರೆದಿರುತ್ತೆ. ಬರೆದುಕೊಡ್ತೀನಿ.”

“ಅದೆಲ್ಲ ಸರಿ,” ಎಂದರು ಅಧ್ಯಕ್ಷರು. “ಆದ್ರೆ ಬೆಳಿಗ್ಗೆ ಆರಿತ್ತು. ಮಧ್ಯಾಹ್ನದೊಳಗೆ ಎರಡು ಮಾಯ. ಒಂದು ಚಾದರವಂತೆ, ಇನ್ನೊಂದು ನಿದ್ದೆಯಂತೆ! ಇಳಿದದ್ದನ್ನೂ ಸೇರಿಸಿ ಎಣಿಸಬೇಕು ಅಂತ ನನ್ನ ಅಭಿಪ್ರಾಯ.”

ಮಾಮ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೊದಲ ಮಹಡಿಯ ಅಕ್ಕ ಕೈ ಎತ್ತಿದರು. ಆಕೆ ಸಭೆಗಳಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಆಕೆಯ ಮನೆಯ ಕಂಬಿಯಲ್ಲಿ ಬಟ್ಟೆ ಕಟ್ಟಿದ್ದ ದಾರ ಇನ್ನೂ ಹಾಗೇ ಇತ್ತು. ಬಟ್ಟೆ ಇಳಿಸಿದ ದಿನ ಆ ಮನೆಯಲ್ಲಿ ಇಬ್ಬರಿದ್ದವರು ಒಬ್ಬರಾಗಿದ್ದರು.

“ತೆರೀರಿ, ಮುಚ್ಚಿ, ನನಗೆ ಎರಡೂ ಒಂದೇ,” ಎಂದರು. “ಲೆಕ್ಕ ಮಾತ್ರ ಸರಿ ಇರ್ಲಿ. ಬರೀ ನೆಗಡಿ ಅಂದ್ಕೊಂಡು ನಾವು ಎರಡು ದಿನ ತಡ ಮಾಡಿ ಕಟ್ಟಿದ್ವಿ.”

ಅಧ್ಯಕ್ಷರು ಮಾಸ್ಕು ಸರಿ ಮಾಡಿಕೊಂಡರು.

ಮಾಮನಿಗೂ ಕಸಿವಿಸಿಯಾಯಿತು. ಆದರೂ ಹಟ ಬಿಡಲಿಲ್ಲ. ತನ್ನ ನಾಲ್ಕನ್ನು ಕಾಯಬೇಕು, ಅಕ್ಕನ ಮಾತನ್ನೂ ಉಳಿಸಬೇಕು. ವೃತ್ತದ ನಡುವೆ ನೆಟ್ಟಗೆ ನಿಂತ. “ಹಾಗಾದ್ರೆ ಒಂದು ಠರಾವು ಮಾಡಿ. ಐದು ಗಂಟೆಗೆ ಕಣ್ಣಿಗೆ ಕಂಡದ್ದೇ ಲೆಕ್ಕ. ಬೆಳಿಗ್ಗೆ ಇತ್ತು ಅನ್ನೋದು ಬೇಡ, ಸಂಜೆ ಕಟ್ತೀವಿ ಅನ್ನೋದೂ ಬೇಡ. ಅದು ಚಾದರ, ಇದು ಲಂಗ ಅನ್ನೋ ನೆವಾನೂ ಬೇಡ. ಕೆಂಪು ಕಂಡ್ರೆ ಕಾಯಿಲೆ. ಬರೆದ ಮೇಲೆ ಹದಿನೈದು ದಿನ ಯಾರೂ ಬದಲಾಯಿಸೋ ಹಾಗಿಲ್ಲ. ಅಧ್ಯಕ್ಷರೂ ಅಷ್ಟೇ, ನಾನೂ ಅಷ್ಟೇ!”

“ಇದು ಮಾತು!” ಎಂದರು ಸರ್ವೆಯರ್. ಪುಸ್ತಕದಲ್ಲಿ ಠರಾವು ಬರೆದಾಯಿತು. ಮೊದಲ ಸಹಿ ಮಾಮನದು. ಕೆಳಗೆ ಎರಡು ಗೆರೆ ಬೇರೆ ಎಳೆದ.

ಐದು ಹೊಡೆಯಿತು. ಸರ್ವೆಯರ್ ಸೀಟಿ ಊದಿ ದುರ್ಬೀನು ಏರಿಸಿದರು. ಎಲ್ಲರೂ ಮೂರು ಮಾರು ಅಂತರದಲ್ಲಿ ಮೆರವಣಿಗೆಯಂತೆ ಹಿಂದೆ ನಡೆದರು.

“ಮುಂಭಾಗ… ಎರಡು.” ಮಾಮ ಉಸಿರು ಬಿಟ್ಟ.

“ಪಕ್ಕ… ಎರಡು.” ಮಾಮ ಬೆರಳುಗಳಲ್ಲಿ ಇಲ್ಲದ ಕತ್ತರಿ ಆಡಿಸಿದ. “ಒಟ್ಟು ನಾಲ್ಕು. ಬರ್ಕೊಳ್ಳಿ ಅಧ್ಯಕ್ಷರೇ.”

“ಹಿಂಬದಿ ಉಳೀತಲ್ಲ,” ಎಂದರು ಯಾರೋ.

“ಅಲ್ಲೇನಿದೆ? ಸೈಕಲ್ಲು ನಿಲ್ಲಿಸೋ ಜಾಗ, ಆಮೇಲೆ ಮಾಮನದೇ ಒಂದು ಕಿಟಕಿ,” ಎಂದರು ಅಧ್ಯಕ್ಷರು. ಅವರಿಗೂ ತಲೆ ತುರಿಸುತ್ತಿತ್ತು. “ಬಿಡಿ, ನಾಲ್ಕು ಅಂತ ಬರೀತೀನಿ. ನಾಳೆ ಏಳು ಗಂಟೆಗೆ ಮೊದಲನೇ ಸರದಿ ನನ್ನದು ಮಾಮಾ.”

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಮಾಮನ ತಲೆಗೆ ಆಗ ನ್ಯಾಯ ಏರಿತ್ತು.

“ಇಲ್ಲ ಸರ್,” ಎಂದ. “ನನ್ನ ಕಿಟಕಿ ಅಂತ ಬಿಟ್ಟರೆ ನಾಳೆ ಹತ್ತು ಜನ ಹತ್ತು ಮಾತಾಡ್ತಾರೆ. ಮೊದಲ ಮಹಡಿ ಅಕ್ಕ ಏನಂದ್ರು? ಲೆಕ್ಕ ಸರಿ ಇರ್ಬೇಕು. ಬನ್ನಿ!”

ತಾನೇ ಮುಂದಾಗಿ ಮೂಲೆ ತಿರುಗಿದ. ಹಿಂದಿನಿಂದ ಎಲ್ಲರೂ ತಿರುಗಿದರು. ತಿರುಗಿದವರು ನಿಂತರು.

ಮಾಮನ ಕಿಟಕಿಯ ಮುಂದೆ, ಕಂಬಿಯಿಂದ ಕಂಬಿಗೆ ಕಟ್ಟಿದ ಹಗ್ಗದ ಮೇಲೆ, ಸಂಜೆಯ ಬಿಸಿಲಿಗೆ ಧಗಧಗ ಹೊಳೆಯುತ್ತ, ತೊಟತೊಟ ನೀರು ಸುರಿಸುತ್ತ, ಆಳುದ್ದದ ಒಂದು ಅಚ್ಚ ಕೆಂಪು ಬಟ್ಟೆ ತೂಗುತ್ತಿತ್ತು. ಅಂಚಿಲ್ಲ, ಹೂವಿಲ್ಲ. ಕಟ್ಟಡದ ಎಲ್ಲ ಮನೆಗಳಿಗೂ ಹಂಚಿದ ಅದೇ ಬಟ್ಟೆ. ಪಕ್ಕದಲ್ಲಿ ಮಾಮನ ಹೆಂಡತಿ ಕೊನೆಯ ಸುಕ್ಕು ಕೊಡವುತ್ತಿದ್ದಳು.

“ನೋಡಿ, ಮುಗ್ಗಲು ವಾಸನೆ ಪೂರಾ ಹೋಯ್ತು!” ಎಂದಳು ಖುಷಿಯಿಂದ.

ಸರ್ವೆಯರ್ ದುರ್ಬೀನು ಇಳಿಸಲೇ ಇಲ್ಲ. ಹತ್ತು ಅಡಿ ದೂರದಲ್ಲಿದ್ದರೂ ಅದರಲ್ಲೇ ನೋಡಿದರು. “ಐದು. ಇಷ್ಟು ದೊಡ್ಡದು ಕಟ್ಟಿದ್ದಾರೆ ಅಂದ್ರೆ ಕಾಯಿಲೆ ಜೋರಾಗೇ ಇರ್ಬೇಕು.”

“ಅಯ್ಯೋ, ಅದು ಹೊದಿಕೆ ಸರ್! ಅಂಗಡೀದು! ನಾನೇ ಒಗೆಯೋಕೆ ಹೇಳಿದ್ದು…”

“ಅದು ಚಾದರ, ಇದು ಲಂಗ ಅನ್ನೋ ನೆವ ಬೇಡ,” ಎಂದು ಅಧ್ಯಕ್ಷರು ಪುಸ್ತಕ ತೆರೆದು ಓದಿದರು. ತಮ್ಮ ಕೂದಲನ್ನೊಮ್ಮೆ ದುಃಖದಿಂದ ಮುಟ್ಟಿಕೊಂಡರು. “ಮೊದಲ ಸಹಿ ನಿಮ್ಮದೇ. ಎರಡು ಗೆರೆ ಬೇರೆ ಎಳೆದಿದ್ದೀರಿ.”

ಮಾಮ ಮೊದಲ ಮಹಡಿಯ ಅಕ್ಕನ ಕಡೆ ನೋಡಿದ. ಆಕೆ ಒಂದು ಸಲ ಬಟ್ಟೆ ನೋಡಿದರು, ಒಂದು ಸಲ ಮಾಮನನ್ನು. ಬಹಳ ದಿನಗಳ ಮೇಲೆ ಆಕೆಯ ಮಾಸ್ಕಿನ ಮೇಲಿನ ಕಣ್ಣುಗಳು ಸಣ್ಣಗಾದವು. ನಗು ತಡೆಯುತ್ತಿರುವುದು ಎಲ್ಲರಿಗೂ ಗೊತ್ತಾಯಿತು. ಮಾಮ ನೆವ ಅಲ್ಲಿಗೇ ಬಿಟ್ಟು ಮನೆಯೊಳಗೆ ನಡೆದ.

ಆರು ಗಂಟೆಗೆ ಮಾಮನ ಬಾಗಿಲಿಗೆ ಹೊರಗಿನಿಂದ ಚೀಟಿ ಅಂಟಿಸಿದರು. ‘ಹದಿನಾಲ್ಕು ದಿನ.’ ಗೋಡೆಯಾಚೆ ಅಂಗಡಿಯ ಷಟರ್ ಗರಗರ ಎದ್ದಿತು. ಪಾರ್ಸೆಲ್‌ಗಳು ಬಂದು ಬೀಳುವ ಸದ್ದು, ಯಾರೋ ಕುರ್ಚಿ ತಿರುಗಿಸಿ ಜಾಗ ಮಾಡುವ ಸದ್ದು. ಉಸ್ತುವಾರಿ ಡ್ರೈವರನಿಗೆ ಸಿಕ್ಕಿತ್ತು. ಅವನೇ ಮನೆಯಿಂದ ಹೊರಗಿರುವ ಕೆಲಸ ಬೇಕೆಂದು ಕೇಳಿ ಪಡೆದಿದ್ದ.

ರಾತ್ರಿ ಎಂಟಕ್ಕೆ ಹೊಸ್ತಿಲಲ್ಲಿ ಪಾತ್ರೆ ಇಟ್ಟ ಸದ್ದಾಯಿತು. ಮೇಲಿನಿಂದ ದೊಡ್ಡಮ್ಮ ಕೂಗಿದರು: “ಮಾಮಾ, ಸೂಪು ಬಂತಾ? ಇಷ್ಟು ದಿನ ನನಗೆ ಬರ್ತಿದ್ದ ಪಾಲು ಅದು! ವಾರಕ್ಕೆ ಎರಡು ಸಲ ಅಂದಿದ್ದು ಮರೀಬೇಡ, ಬರೆದಿಟ್ಕೊಂಡಿದ್ದೀನಿ!”

ಹೆಂಡತಿ ಕಿಟಕಿಯಿಂದ ಕೈ ಚಾಚಿ ಹೊದಿಕೆ ಮುಟ್ಟಿ ನೋಡಿದಳು.

“ಆಗಲೇ ಒಣಗಿಬಿಡ್ತು ರೀ. ತೆಗೆದು ಮಡಚಿಡ್ಲಾ?”

“ಬೇಡ,” ಎಂದ ಮಾಮ, ಸೂಪಿನ ಮುಚ್ಚಳ ತೆಗೆಯುತ್ತ. “ಅದು ಇನ್ನು ಹದಿನಾಲ್ಕು ದಿನ ಒಣಗ್ಬೇಕು.”