ಮಾವಿನೆಲೆಯ ಹಳದಿ

ಹೆಂಡತಿಯ ಎದುರು ಜಾಣತನ ತೋರಿಸಬಾರದೆಂದು ನನಗೆ ಯಾರೂ ಹೇಳಿಕೊಡಲಿಲ್ಲ. (ಹೇಳಬೇಕಾದವರೆಲ್ಲ ತಂತಮ್ಮ ಹೆಂಡತಿಯರ ಎದುರು ಬಾಯಿ ಮುಚ್ಚಿಕೊಂಡು ಕುಳಿತಿದ್ದರು.) ನಾನು ಹಾನಗಲ್ಲಿನ ಶಾಲೆಯ ಡ್ರಾಯಿಂಗ್ ಮಾಸ್ತರ. ಯುದ್ಧ ಶುರುವಾದ ಮೇಲೆ ವಿಲಾಯತಿ ಬಣ್ಣ ಬರುವುದೇ ನಿಂತಿದೆ. ಹೀಗಿರುವಾಗ ಸವಣೂರಿನ ಸಂತೆಯಲ್ಲಿ, ಹಳೇ ಸಾಮಾನು ಮಾರುವ ಇಸ್ಮಾಯಿಲಸಾಬರ ಹತ್ತಿರ ನನಗೊಂದು ಜಲವರ್ಣದ ಪೆಟ್ಟಿಗೆ ಸಿಕ್ಕಿತು. ಊರಿಗೆ ಹೊರಟ ಯಾವನೋ ಬಿಳಿ ಸಾಹೇಬ ಬಿಟ್ಟುಹೋದದ್ದಂತೆ.

ಕರಿಯ ತಗಡಿನ ಪೆಟ್ಟಿಗೆ. ಮುಚ್ಚಳ ತೆರೆದರೆ ಒಳಗೆಲ್ಲ ಹಾಲುಬಿಳುಪು, ಬಣ್ಣ ಕಲೆಸಲು ಪುಟ್ಟ ಗುಳಿಗಳು, ಹೆಬ್ಬೆರಳು ತೂರಿಸಲು ಬದಿಗೊಂದು ಉಂಗುರ. ಒಣಗಿ ಬಿರುಕು ಬಿಟ್ಟ ಬಿಲ್ಲೆಗಳು ಒಂದು ಹನಿ ನೀರಿಗೆ ಜೀವ ಹಿಡಿಯುತ್ತಿದ್ದವು. ಅದರಲ್ಲೂ ಒಂದು ಹಳದಿ! ಬಂಕಾಪುರದ ಕೋಟೆಗೋಡೆಯ ಮೇಲೆ ಸಂಜೆ ಬೀಳುವ ಬಿಸಿಲಿನದೇ ಬಣ್ಣ. ಆ ಬಿಸಿಲನ್ನು ಕಾಗದಕ್ಕೆ ಇಳಿಸಬೇಕೆಂಬುದು ನನ್ನ ಬಹುದಿನದ ಆಸೆ.

ನನ್ನ ಹೆಂಡತಿ ದಾನವ್ವ ಬಣ್ಣ ನೋಡಲಿಲ್ಲ, ಪೆಟ್ಟಿಗೆಯೊಳಗಿದ್ದ ಅಳಿಲುಗೂದಲಿನ ಕುಂಚ ನೋಡಿದಳು.

“ಇದು ಯಾತರ ಕೂದಲರಿ?”

“ಇಣಚಿ ಬಾಲದ್ದು.”

“ತುದಿ ಇಷ್ಟು ಚೂಪ ಹೆಂಗ ಆತು?”

“ತುಟ್ಯಾಗ ಹಿಡಿದು ಚೀಪತಾರ” ಎಂದುಬಿಟ್ಟೆ.

“ಅಂದ್ರ ಸಾಹೇಬ ಚೀಪಿದ್ದನ್ನ ನೀವು ಚೀಪಾವ್ರು. ಕೊರಳಾಗ ಲಿಂಗಾ ಇಟ್ಕೊಂಡು.”

ನನ್ನ ಸಕಲ ವರ್ಣಸಾಮ್ರಾಜ್ಯವೂ ಆಗಲೇ ದನದ ಕೊಟ್ಟಿಗೆಗೆ ಗಡೀಪಾರಾಯಿತು. ಬೇಕಾದರೆ ಅಲ್ಲೇ ಕುಳಿತು ಬರೆದುಕೊಳ್ಳಿ ಎಂದಳು. ಆ ಕತ್ತಲಲ್ಲಿ ಹಸಿರು ಯಾವುದು, ನೀಲಿ ಯಾವುದು ಎಂದು ನಮ್ಮ ಆಕಳು ಗೌರಿಯನ್ನೇ ಕೇಳಬೇಕು.

ಮರುದಿನ ನನಗೆ ಉಪಾಯ ಹೊಳೆಯಿತು. ಅವಳು ರೊಟ್ಟಿ ಬಡಿಯುತ್ತಿದ್ದಾಗ ಹೋಗಿ ಕುಳಿತೆ.

“ಆ ಹಳೇ ಹಳದಿ ಏನಂತ ತಿಳಿದೀ? ಆಕಳಿಗೆ ಬರೇ ಮಾವಿನೆಲಿ ತಿನ್ನಿಸಿ, ಅದರ ಗೋಮೂತ್ರ ಕಾಸಿ, ಉಂಡಿ ಕಟ್ಟಿ ಮಾಡ್ತಿದ್ರಂತ. ನಮ್ಮ ಟ್ರೇನಿಂಗ್ ಮಾಸ್ತರ ಹೇಳ್ಯಾರ. ಸಗಣಿ ಸುಟ್ಟು ವಿಭೂತಿ ಮಾಡೂದಿಲ್ಲೇನು? ಇದು ಅದರ ತಂಗಿ.”

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ಖರೇನ?”

“ಖರೇನ.”

“ಹಂಗಾರ ಅದನ್ನ ಕೊಟ್ಟಿಗ್ಯಾಗ ಯಾಕ ಇಟ್ರಿ? ಬುದ್ಧಿ ಐತೇನು ನಿಮಗ?”

ಗೆದ್ದೆ ಎಂದುಕೊಂಡು ಆ ದಿನ ಒಂದು ರೊಟ್ಟಿ ಹೆಚ್ಚೇ ತಿಂದೆ.

ಬೆಳಿಗ್ಗೆ ನೋಡುತ್ತೇನೆ, ಪೆಟ್ಟಿಗೆ ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಗಳ ಪಕ್ಕದಲ್ಲಿ ವಿರಾಜಮಾನವಾಗಿದೆ. ಹಳದಿಯ ಮೇಲೆ ದಾಸವಾಳ. ಹೆಬ್ಬೆರಳಿನ ಉಂಗುರದಲ್ಲಿ ಊದಿನಕಡ್ಡಿ ಉರಿಯುತ್ತಿದೆ. ನಾನು ಕೈ ಚಾಚಿದೆ.

“ಮುಟ್ಟಬ್ಯಾಡ್ರಿ. ಇಣಚಿ ಬಾಲ ಚೀಪೂ ಬಾಯಿ ನಿಮ್ದು.”

“ಬಂಕಾಪುರದ ಬಿಸಲು ಬರೀಬೇಕಿತ್ತು. ಆ ಹಳದಿ ಇಲ್ಲಂದ್ರ ಆಗೂದಿಲ್ಲ” ಎಂದೆ. ಸುಳ್ಳೇಕೆ, ನನಗೆ ಅಳುವೇ ಬಂದಿತ್ತು.

ದಾನವ್ವನಿಗೂ ಕನಿಕರವಾಯಿತು. ಹಿತ್ತಲಿಗೆ ಹೋಗಿ ಒಂದು ಹೊರೆ ಮಾವಿನೆಲೆ ಕಿತ್ತು ತಂದಳು. ಅದನ್ನೂ ಒಂದು ಖಾಲಿ ಚರಿಗೆಯನ್ನೂ ನನ್ನ ಕೈಗಿಟ್ಟಳು.

“ಹೆಂಗ ಮಾಡ್ತಾರಂತ ನಿಮಗ ಗೊತ್ತ ಐತಿ. ಗೌರಿ ಕೊಟ್ಟಿಗ್ಯಾಗ ಅದಾಳ.”

ಈಗ ಬಣ್ಣ ಜಗಲಿಯ ಮೇಲೆ, ಅಳಿಲಿನ ಕುಂಚ ಕೊಟ್ಟಿಗೆಯ ಗೂಡಿನಲ್ಲಿ, ನಾನು ಚರಿಗೆ ಹಿಡಿದು ಗೌರಿಯ ಹಿಂದೆ. ಗೌರಿ ಮಾವಿನೆಲೆಯನ್ನು ಮೂಸಿ ನೋಡಿ ಮುಖ ತಿರುಗಿಸಿದಳು. ನನ್ನ ಡ್ರಾಯಿಂಗ್ ಕಾಗದವನ್ನು ಮಾತ್ರ ಸಾವಕಾಶವಾಗಿ, ಬಹಳ ರುಚಿಯಿಂದ ತಿನ್ನುತ್ತಿದ್ದಾಳೆ.