ಹಿತ್ತಿಲ ಶೆಡ್ಡಿನ ಬಾಗಿಲಿನ ವಿಷಯ

ಹಿತ್ತಿಲಿನಲ್ಲಿ ಕಟ್ಟುವ ಯಾವುದೇ ಶೆಡ್ಡಿಗೆ, ಅದು ಪೂರ್ಣಗೊಂಡಿದೆಯೆಂಬ ಪ್ರಮಾಣಪತ್ರ ಸಿಗುವವರೆಗೆ ಬಾಗಿಲು ಇರತಕ್ಕದ್ದಲ್ಲ. ಅರ್ಧಂಬರ್ಧ ಶೆಡ್ಡಿನೊಳಗೆ ಯಾರಾದರೂ ಹೊಕ್ಕು ಪೆಟ್ಟು ಮಾಡಿಕೊಂಡಾರೆಂಬ ಕಳಕಳಿಯಿಂದ ಈ ನಿಯಮ ಮಾಡಲಾಗಿದೆ. ಕಳಕಳಿ ಅಂದರೆ ಹೀಗಿರಬೇಕು.

ನಿಯಮಕ್ಕೆ ಸಿಕ್ಕಿದವರು ನಮ್ಮ ಪಕ್ಕದ ಮನೆಯ ಬ್ಯಾಂಡ್ ಮೇಷ್ಟ್ರು. ನಿವೃತ್ತಿಯ ದಿನ ಶಾಲೆಯವರು ಹಳೆಯ ದೊಡ್ಡ ಡ್ರಮ್ಮೊಂದನ್ನು ಅವರಿಗೆ ಕೊಟ್ಟು ಕೈತೊಳೆದುಕೊಂಡಿದ್ದರು. ಅದು ಮಲಗುವ ಕೋಣೆ ಬಿಟ್ಟು ಬೇರೆಲ್ಲೂ ಹಿಡಿಸಲಿಲ್ಲ. ಹೆಂಡತಿ ಮಗ್ಗುಲು ಬದಲಿಸಿದಾಗೆಲ್ಲ ಕಾಲು ತಾಗಿ 'ಢಂ' ಎನ್ನುತ್ತಿತ್ತು.

"ನೋಡ್ರೀ, ಒಂದೋ ಡ್ರಮ್ ಹೊರಗೆ ಹೋಗ್ಬೇಕು, ಇಲ್ಲಾ ನೀವು ಹೋಗ್ಬೇಕು," ಅಂದರು ಆಕೆ.

ಮೇಷ್ಟ್ರು ಶೆಡ್ಡಿಗೆ ಕೈಹಾಕಿದರು. ಮೇಸ್ತ್ರಿ ಬಂದು ನೆಲಕ್ಕೆ ಸ್ಟೀಲ್ ಪಟ್ಟಿ ಬಿಗಿದು, ಅದರೊಳಗೆ ತೆಳು ಸ್ಟೀಲಿನ ಕಂಬಗಳನ್ನು ನಿಲ್ಲಿಸಿ ಸ್ಕ್ರೂ ಹಾಕಿದ. ಕಂಬಗಳನ್ನು ಒಳಗಿನಿಂದಲೇ ಪರಿಶೀಲಿಸಬೇಕೆಂಬುದು ಇನ್ನೊಂದು ನಿಯಮ. ಅದರಂತೆ ಪುರಸಭೆಯ ಅಧಿಕಾರಿಯೊಬ್ಬರು ಬಂದು, ಚೌಕಟ್ಟಿನೊಳಗೆ ಹೋಗಿ, ಒಂದೊಂದೇ ಕಂಬವನ್ನು ಬೆರಳಲ್ಲಿ ತಟ್ಟಿ ತಲೆದೂಗತೊಡಗಿದರು. ಮೇಸ್ತ್ರಿಗೆ ಇನ್ನೊಂದು ಕಡೆ ಕೆಲಸವಿತ್ತು. ಹೊರಗಿನಿಂದ ನಾಲ್ಕೂ ಕಡೆ ತಗಡು ಬಿಗಿಯುತ್ತ ಬಂದ. ಇಬ್ಬರೂ ಕರ್ತವ್ಯನಿಷ್ಠರು. ಇಬ್ಬರ ಕೆಲಸವೂ ಒಟ್ಟಿಗೇ ಮುಗಿಯಿತು.

"ಸಾರ್, ಒಳಗಿದ್ದೀರಾ?" ಮೇಷ್ಟ್ರು ಗಾಳಿಕಿಂಡಿಯಿಂದ ಕೇಳಿದರು.

"ಕಂಬ ಎಲ್ಲಾ ಗಟ್ಟಿಯಾಗಿದೆ ಕಣ್ರೀ."

"ಬಾಗಿಲು ಕೊಯ್ಸಿಬಿಡ್ಲಾ?"

"ಅದು ಹೇಗಾಗತ್ತೆ? ಪ್ರಮಾಣಪತ್ರ ಆಗದೆ ಬಾಗಿಲು ಇಡೋ ಹಾಗಿಲ್ಲ."

"ಹಾಗಾದ್ರೆ ಪ್ರಮಾಣಪತ್ರ ಕೊಟ್ಬಿಡಿ ಸಾರ್."

"ಹೊರಗೋಡೆ ನೋಡದೆ ಹೇಗ್ರೀ ಕೊಡ್ಲಿ? ನನಗೂ ಮನಸ್ಸಾಕ್ಷಿ ಅಂತ ಒಂದಿದೆ."

ಈ ಮಾತಿನಲ್ಲಿ ತಪ್ಪು ಹುಡುಕಲು ಯಾರಿಂದಲೂ ಆಗಲಿಲ್ಲ. ಅಧಿಕಾರಿ ಇರುವ ಜಾಗವೇ ಕಚೇರಿಯೆಂದು ಪ್ರಕಟಣೆ ಹೊರಟಿತು. ಊಟ, ಮೊಹರು, ದಿಂಬು ಕಿಂಡಿಯಿಂದ ಒಳಗೆ ಹೋದವು. ಉಳಿದ ವ್ಯವಸ್ಥೆಯ ಬಗ್ಗೆ ಸಾರ್ವಜನಿಕರು ವಿಚಾರಿಸಬಾರದೆಂದು ಕೋರಲಾಯಿತು.

ಹಿತ್ತಿಲಲ್ಲಿ ಅರ್ಜಿದಾರರ ಸಾಲು ಬೆಳೆಯಿತು. ಸಾಲಿನವರನ್ನು ಕರೆಯಲು ಗಂಟೆಯಿರಲಿಲ್ಲವಾಗಿ, ಅಧಿಕಾರಿಗಳು ಡ್ರಮ್ಮನ್ನು ಕಚೇರಿಯ ಆಸ್ತಿಯೆಂದು ಘೋಷಿಸಿ, ಇದ್ದಲ್ಲಿಂದ ಕದಲಿಸಕೂಡದೆಂದು ಆದೇಶಿಸಿದರು. ಬಾರಿಸುವ ಹುದ್ದೆಗೆ ಮೇಷ್ಟ್ರ ಹೆಂಡತಿಯೇ ನೇಮಕಗೊಂಡರು. ಕಾಲಿನ ಅನುಭವವನ್ನು ಪರಿಗಣಿಸಲಾಗಿತ್ತು. ಸಂಬಳ ಕೈಗೆ ಬಂದಮೇಲೆ ಆ ಸದ್ದು ಅವರಿಗೆ ಹಿತವಾಗಿಯೇ ಕೇಳಿಸತೊಡಗಿತು.

"ಡ್ರಮ್ ಹೊರಗೆ ಹೋಗೋ ಹಾಗಿಲ್ವಂತೆ," ಅಂದರು ಗಂಡನಿಗೆ. "ಇನ್ನು ಉಳಿದೋರು ಯಾರು, ನೀವೇ ಹೇಳಿ."

ಮೇಷ್ಟ್ರ ಮುಖ ನೋಡಿ ನನಗೆ ನಿಜವಾಗಿಯೂ ಅಯ್ಯೋ ಅನಿಸಿತು. ಅವರು ತಮ್ಮದೇ ಹಿತ್ತಿಲಲ್ಲಿ, ನನ್ನ ಮುಂದೆ, ಸಾಲಿನಲ್ಲಿ ನಿಂತರು. ಸರದಿ ಬಂದಾಗ ಕಿಂಡಿಗೆ ಬಾಯಿಟ್ಟರು.

"ಇನ್ನೊಂದು ಶೆಡ್ಡಿಗೆ ಅನುಮತಿ ಬೇಕಿತ್ತು ಸಾರ್."

"ಏನಿಡೋಕೆ?"

"ನನ್ನನ್ನೇ ಸಾರ್."

"ಬಾಗಿಲು?"

"ಬೇಡ ಸಾರ್. ಗಾಳಿಕಿಂಡಿ ಇದ್ರೆ ಸಾಕು."

ನಿಯಮಕ್ಕೆ ಇಷ್ಟು ಅಚ್ಚುಕಟ್ಟಾಗಿ ಹೊಂದುವ ಅರ್ಜಿಯನ್ನು ತಾವು ಈವರೆಗೆ ಕಂಡಿಲ್ಲವೆಂದು ಮೆಚ್ಚಿ, ಅಧಿಕಾರಿಗಳು ಅಲ್ಲೇ ಮೊಹರು ಒತ್ತಿದರು. ಮಲಗುವ ಕೋಣೆಯಲ್ಲಿ 'ಢಂ' ಎಂದಿತು. ನಾನು ಮುಂದಕ್ಕೆ ಸರಿದೆ.